ಬೊಳ್ಳುವಿನ ಎದೆಯ ಅಳತೆ

ನಾಲ್ಕು ಗೇಣು, ಎರಡು ಬೆರಳು. ಚನಿಯನ ಒಂದು ಭಾನುವಾರವನ್ನು ಹಾಳುಮಾಡಲು ಇಷ್ಟು ಸಾಕಾಯಿತು.

ಅಳತೆ ಬಂದದ್ದು ಬೆಳಿಗ್ಗೆ ಆರು ಗಂಟೆಗೆ, ಬಜಪೆ ವಿಮಾನ ನಿಲ್ದಾಣದಿಂದ ಅರ್ಧ ಗಂಟೆ ದೂರದಲ್ಲಿರುವ ಅಕ್ಕ ಲೋಲಾಕ್ಷಿಯ ಮನೆಯಿಂದ, ಅವಳ ಒಂಬತ್ತು ವರ್ಷದ ಮಗಳು ಯಶ್ಮಿತಾಳ ಧ್ವನಿಯಲ್ಲಿ.

"ಮಾಮ, ಬೊಳ್ಳುವಿನ ಎದೆ ಸುತ್ತ ನಾಲ್ಕು ಗೇಣು ಎರಡು ಬೆರಳು. ನಾನೇ ಅಳೆದದ್ದು. ಕರೆಂಟ್ ಇಲ್ಲ ಇಲ್ಲಿ, ಫೋನಲ್ಲಿ ಚಾರ್ಜ್ ಎರಡೇ ಪರ್ಸೆಂಟ್ ಉಂಟು. ಒಳ್ಳೆ ಗಟ್ಟಿಯದ್ದು ನೋಡಿ..."

ಧ್ವನಿ ಅಲ್ಲಿಗೆ ಕಡಿಯಿತು. ಚನಿಯ ಮರಳಿ ಕರೆ ಮಾಡಿದ. ಅತ್ತ ಫೋನು ಸತ್ತಿತ್ತು.

ಬೊಳ್ಳು ಅಕ್ಕನ ಮನೆಯ ಬಿಳಿ ನಾಯಿ. ಸಂಜೆಯಾದ ಮೇಲೆ ಗೆಣಸಿನ ಗದ್ದೆಗೆ ಇಳಿಯುವ ಕಾಡುಹಂದಿಗಳನ್ನು ಅಟ್ಟುವುದು ಅದರ ಉದ್ಯೋಗ. ಆ ಉದ್ಯೋಗವನ್ನು ಯಾರೂ ಅದಕ್ಕೆ ಕೊಟ್ಟಿರಲಿಲ್ಲ, ತಾನಾಗಿ ವಹಿಸಿಕೊಂಡಿತ್ತು. ಹಿಂದಿನ ತಿಂಗಳು ಒಂದು ಗಂಡುಹಂದಿ ತಿರುಗಿ ನಿಂತು ಕೋರೆಯಿಂದ ಅದರ ಎದೆಯನ್ನು ಸೀಳಿತು. ಹನ್ನೊಂದು ಹೊಲಿಗೆ. ಅಷ್ಟೂ ಹೊಲಿಗೆ ಮುಗಿಯುವವರೆಗೆ ಯಶ್ಮಿತಾ ಅದರ ತಲೆಯನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದಳು. ಇನ್ನು ಸ್ವಲ್ಪ ಆಳಕ್ಕೆ ಹೋಗಿದ್ದರೆ ಶ್ವಾಸಕೋಶ ಎಂದು ದನದ ಡಾಕ್ಟರು ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು, ಬೊಳ್ಳು ಕೇಳಿಸಿಕೊಂಡಿರಲಿಲ್ಲ. ಹೊಲಿಗೆ ಬಿಚ್ಚಿದ ದಿನವೇ ಅದು ಮತ್ತೆ ಗದ್ದೆಗೆ ಹೊರಟಿತು. ಅಂದಿನಿಂದ ಅದು ಮನೆಗೆ ಬರುವವರೆಗೆ ಹುಡುಗಿ ಊಟಕ್ಕೆ ಕೂರುತ್ತಿರಲಿಲ್ಲ.

ಹಂದಿ ಬೇಟೆಯ ನಾಯಿಗಳಿಗೆಂದೇ ಎದೆಕವಚ ಮಾಡುತ್ತಾರೆ, ದುಬೈಯಲ್ಲಿ ಸಿಕ್ಕೀತು ಎಂದು ಚನಿಯ ಒಮ್ಮೆ ಫೋನಿನಲ್ಲಿ ಹೇಳಿದ್ದ. ದೊಡ್ಡವರು ಸಮಾಧಾನಕ್ಕೆಂದು ಆಡಿದ್ದನ್ನು ಮಕ್ಕಳು ಒಪ್ಪಂದವೆಂದು ತಿಳಿಯುತ್ತಾರೆ.

ಚನಿಯನಿಗೂ ಇದು ತನ್ನ ಕಸುಬಿನೊಳಗಿನ ಕೆಲಸವೇ ಎನಿಸಿತ್ತು. ದುಬೈಯ ಕಟ್ಟಡ ಕಂಪೆನಿಯೊಂದರ ಸೇಫ್ಟಿ ಸ್ಟೋರಿನಲ್ಲಿ ಅವನು ಹನ್ನೆರಡು ವರ್ಷಗಳಿಂದ ಹೆಲ್ಮೆಟು, ಬೆಲ್ಟು, ಬೂಟುಗಳನ್ನು ವಿತರಿಸುತ್ತಿದ್ದ. ಅಳತೆ ತಪ್ಪಿದ ಬೆಲ್ಟು ಕಟ್ಟಿಕೊಂಡು ಒಬ್ಬನೂ ಅವನ ಕಣ್ಣೆದುರು ಮೇಲೆ ಹತ್ತಿರಲಿಲ್ಲ. ಆದರೆ ಗೇಣಿನಲ್ಲಿ ಬಂದ ಬೇಡಿಕೆ ಇದೇ ಮೊದಲು.

ಸಮಯವೂ ಕಡಿಮೆ ಇತ್ತು. ಚನಿಯನ ಕೋಣೆಯಲ್ಲೇ ಇದ್ದ ಥಾಮಸನಿಗೆ ಹಿಂದಿನ ದಿನವಷ್ಟೇ ರಜೆ ಮಂಜೂರಾಗಿ, ಮಧ್ಯಾಹ್ನ ಹನ್ನೆರಡೂವರೆಯ ವಿಮಾನಕ್ಕೆ ಟಿಕೆಟ್ ಆಗಿತ್ತು. ಅವನ ಮನೆಗೆ ಹೋಗುವ ದಾರಿಯಲ್ಲೇ ಲೋಲಾಕ್ಷಿಯ ಮನೆ. ಪೆಟ್ಟಿಗೆಯಲ್ಲಿ ಒಂದೂವರೆ ಕೆಜಿಯ ಜಾಗ ಬಿಟ್ಟಿದ್ದ.

"ಹತ್ತು ಗಂಟೆವರೆಗೆ ಏರ್‌ಪೋರ್ಟಿನ ಬಾಗಿಲಲ್ಲಿ ನಿಲ್ತೇನೆ," ಎಂದ ಥಾಮಸ್. "ಹತ್ತೂ ಒಂದಕ್ಕೆ ನಾನು ಒಳಗೆ. ಮತ್ತೆ ನಿನ್ನ ನಾಯಿಗೆ ಪ್ರಾರ್ಥನೆ ಮಾಡ್ಲಿಕ್ಕೆ ಮಾತ್ರ ಆಗ್ತದೆ."

ಮೇಲಿನ ಮಂಚದಿಂದ ಸುಜಿತ್ ಇಳಿದ. ಸುಜಿತ್ ಕಾಪುವಿನ ತರುಣ, ಕ್ರೇನಿನ ಸಿಗ್ನಲ್ ಕೊಡುವ ಕೆಲಸ. ವಾರದಲ್ಲಿ ಆರು ದಿನ ಇತರರಿಗೆ ಎಡಕ್ಕೆ ಬಲಕ್ಕೆ ಎಂದು ಕೈಬೀಸಿ, ಏಳನೆಯ ದಿನವೂ ಆ ಅಭ್ಯಾಸ ಬಿಟ್ಟಿರಲಿಲ್ಲ.

"ಗೇಣು ಅಂದ್ರೆ ಗೇಣು ಚನಿಯಣ್ಣ, ಅದಕ್ಕೆಂತ ತಲೆಬಿಸಿ? ಇಕೊಳ್ಳಿ," ಎಂದು ಹಸ್ತ ಚಾಚಿದ.

ಟೇಪು ಹಿಡಿದು ನೋಡಿದರೆ ಸುಜಿತನ ಗೇಣು ಇಪ್ಪತ್ತಮೂರು ಸೆಂಟಿಮೀಟರ್. ಆ ಪ್ರಕಾರ ಬೊಳ್ಳುವಿನ ಎದೆಯ ಸುತ್ತಳತೆ ತೊಂಬತ್ತಾರು.

"ಅದು ನಾಯಿಯಾ, ಕರುವಾ?" ಎಂದು ಥಾಮಸ್ ತನ್ನ ಹಸ್ತ ಚಾಚಿದ. ಎಂಬತ್ತೆಂಟಕ್ಕೆ ಇಳಿಯಿತು. ಚನಿಯನ ಹಸ್ತಕ್ಕೆ ಎಂಬತ್ತನಾಲ್ಕು.

"ಮೂರನ್ನೂ ಕೂಡಿಸಿ ಸರಾಸರಿ ತೆಗೀರಿ. ಖಲಾಸ್," ಎಂದ ಸುಜಿತ್.

ಮೂರು ಗಂಡಸರ ಕೈಗಳ ಸರಾಸರಿಯಿಂದ ಒಂದು ನಾಯಿಯ ಎದೆ ಸಿಗುವುದಿಲ್ಲವೆಂದು ಚನಿಯನಿಗೆ ತಿಳಿದಿತ್ತು. ನಾನೇ ಅಳೆದದ್ದು ಎಂದಿದ್ದಳು ಹುಡುಗಿ. ಬೇಕಾದದ್ದು ಅವಳ ಕೈ. ಅವನು ತನ್ನ ಮಂಚದ ತಲೆಯ ಕಡೆ ಗೋಡೆಗೆ ಅಂಟಿಸಿದ್ದ ಕಾಗದವನ್ನು ಮೂಲೆ ಹರಿಯದಂತೆ ಬಿಡಿಸಿದ. ಯಶ್ಮಿತಾ ಏಳನೆಯ ವರ್ಷದಲ್ಲಿ ನೀಲಿ ಬಣ್ಣದಲ್ಲಿ ಅಂಗೈ ಅದ್ದಿ ಒತ್ತಿ ಕಳಿಸಿದ ಗುರುತು ಅದು, ಐದು ಬೆರಳೂ ಅರಳಿದ್ದವು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಹದಿಮೂರೂವರೆ. ಎರಡು ವರ್ಷದ ಬೆಳವಣಿಗೆಗೆ ಒಂದೂವರೆ ಸೇರಿಸಿದ. ಹದಿನೈದು. ನಾಲ್ಕು ಗೇಣಿಗೆ ಅರವತ್ತು, ಎರಡು ಎಳೆಯ ಬೆರಳಿಗೆ ಎರಡೂವರೆ. ಅರವತ್ತೆರಡೂವರೆ.

ಆ ಒಂದೂವರೆಯ ಬಗ್ಗೆ ಅವನಿಗೆ ಖಾತ್ರಿ ಇರಲಿಲ್ಲ. ಎರಡು ವರ್ಷದಲ್ಲಿ ಅವಳ ಕೈ ಎಷ್ಟು ಬೆಳೆದಿದೆಯೆಂದು ಅವನು ಕಂಡಿರಲಿಲ್ಲ. ಕಾಗದದ ಮೇಲೆ ಟೇಪು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತಿತು. ಥಾಮಸ್ ಕೆಮ್ಮಿ, ಪೆಟ್ಟಿಗೆಗೆ ಮತ್ತೊಮ್ಮೆ ಹಗ್ಗ ಬಿಗಿಯುವ ನೆಪದಲ್ಲಿ ಆಚೆ ತಿರುಗಿದ.

ಹಾಕಿ ನೋಡದೆ ಯಾವುದನ್ನೂ ಕೊಡಬಾರದೆಂಬುದು ಸ್ಟೋರಿನ ನಿಯಮ. ಚನಿಯ ತನ್ನ ಕಂಬಳಿಯನ್ನು ಸುರುಳಿ ಸುತ್ತಿ, ಅರವತ್ತೆರಡೂವರೆಗೆ ಬಿಗಿದು ಕಟ್ಟಿದ. ಮುಂಗಾಲುಗಳ ಜಾಗದಲ್ಲಿ ಎರಡು ನೀರಿನ ಬಾಟಲಿಗಳನ್ನು ಕಾಲುಚೀಲದೊಳಗೆ ತುರುಕಿ ಬಿಗಿದ. ಕವಚ ಕಂಕುಳನ್ನು ಉಜ್ಜುತ್ತದೆಯೇ ಎಂದು ನೋಡಲು ಅವು ಬೇಕಿದ್ದವು. ಬಾಲ ಬೇಕಿರಲಿಲ್ಲ. ಅದನ್ನು ಸುಜಿತ್ ಯಾರನ್ನೂ ಕೇಳದೆ ಕಟ್ಟಿದ.

"ಶೋಭೆಗೆ," ಎಂದ.

ಆ ಶೋಭೆ ಅಂಗಡಿಗೆ ಹೊರಟ ಬಸ್ಸಿನ ಬಾಗಿಲಲ್ಲಿ ಫಲ ಕೊಟ್ಟಿತು. ಚನಿಯನ ಕಂಕುಳಿನ ಹಿಂದೆ ತೂಗಾಡುತ್ತಿದ್ದ ಬಾಲವನ್ನು ಕಂಡ ಚಾಲಕ ಕೈ ಅಡ್ಡ ಹಿಡಿದ.

"ಕುತ್ತಾ ನಹೀ ಚಲೇಗಾ."

"ಕುತ್ತಾ ನಹೀ ಭಾಯಿ, ಕಂಬಲ್ ಹೈ."

ಕಂಬಳಿಗೆ ಬಾಲವೇಕೆ ಎಂದು ಚಾಲಕ ಕೇಳಿದ. ನ್ಯಾಯವಾದ ಪ್ರಶ್ನೆ. ಹಿಂದೆ ಕುಳಿತಿದ್ದ ಹತ್ತಾರು ಮಂದಿ ಕತ್ತು ಉದ್ದಮಾಡಿ ಉತ್ತರಕ್ಕೆ ಕಾದರು. ಸುಜಿತ್ ವಿವರಿಸಲು ಹೊರಟು, ಇದು ನಾಯಿಯಲ್ಲ, ನಾಯಿಯ ಎದೆ ಎಂದುಬಿಟ್ಟ. ಅಷ್ಟಾದ ಮೇಲೆ ಹಗ್ಗ ಬಿಚ್ಚಿ, ಕಂಬಳಿಯನ್ನು ಪೂರ್ತಿ ಹರಡಿ, ಒಳಗೆ ಯಾವ ಪ್ರಾಣಿಯೂ ಇಲ್ಲವೆಂದು ತೋರಿಸದೆ ಗತಿಯಿರಲಿಲ್ಲ. ತೋರಿಸುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಮುಂದಿನ ಬಸ್ಸಿನಲ್ಲಿ ಚನಿಯ ಬಾಲವಿಲ್ಲದ ನಾಯಿಯನ್ನು ತೊಡೆಯ ಮೇಲಿಟ್ಟು ಮತ್ತೆ ಸುತ್ತಿದ. ಮೊದಲ ಸಲ ಅರವತ್ತೈದಾಯಿತು. ಎರಡನೆಯ ಸಲ ಅರವತ್ತೊಂದು. ದೇರಾ ಬರುವ ಹೊತ್ತಿಗೆ ಅರವತ್ತೆರಡೂವರೆಗೆ ನಿಂತಿತು. ಪಕ್ಕದ ಸೀಟಿನವರೆಲ್ಲ ಒಂದೊಂದು ಕಡೆ ಹಗ್ಗ ಹಿಡಿದಿದ್ದರು.

ದೇರಾದ ನೈಫ್ ಪೇಟೆಯಲ್ಲಿ ಮೊಯ್ದೀನನ ಅಂಗಡಿ. ಉಪ್ಪಳದ ಮುದುಕ, ಗುಡಾರ, ಹಗ್ಗ, ಟಾರ್ಚು, ಬೇಟೆನಾಯಿಗಳ ಸಾಮಾನು ಮಾರುತ್ತಿದ್ದ. ಗಂಟೆ ಒಂಬತ್ತಾಗಲು ಹತ್ತು ನಿಮಿಷವಿತ್ತು.

"ಹಂದಿ ಹಿಡಿಯುವ ನಾಯಿಗೆ ಜಾಕೆಟಾ?" ಎಂದು ಮೊಯ್ದೀನ್ ಕಂಬಳಿಯನ್ನು ನೋಡಿದ. "ನಾಯಿಗೆ ತಲೆ ಇಲ್ಲವಲ್ಲ."

"ತಲೆಗೆ ಬೇಡ ಕಾಕ, ಎದೆಗೆ ಮಾತ್ರ," ಎಂದ ಚನಿಯ.

ಮೂರು ಕವಚಗಳು ಮೇಜಿನ ಮೇಲೆ ಬಂದವು. ಮೊದಲನೆಯದು ಏಳು ಪದರದ್ದು, ಮುಟ್ಟಿದರೆ ಬಾಗಿಲಿನಂತಿತ್ತು. ಸುಜಿತ್ ಅದನ್ನೇ ಆರಿಸಿದ. ಚನಿಯ ತಕ್ಕಡಿಗೆ ಹಾಕಿದ, ಎರಡು ಕೆಜಿ ನಾಲ್ಕುನೂರು ಗ್ರಾಂ. ಥಾಮಸನ ಪೆಟ್ಟಿಗೆಯನ್ನು ಬಿಟ್ಟರೂ, ಇದನ್ನು ಹೊತ್ತ ನಾಯಿ ಓಡಲಾರದು. ನಮ್ಮ ಕಡೆಯ ಸೆಕೆಗೆ ಹಂದಿಗಿಂತ ಮೊದಲು ಕವಚವೇ ಅದನ್ನು ಕೊಂದೀತು.

ಎರಡನೆಯದು ಎಂಟುನೂರು ಗ್ರಾಂ, ಒಳ್ಳೆಯ ಹೊಲಿಗೆ. ಆದರೆ ಅದನ್ನು ಅರಬರ ಸಲೂಕಿ ನಾಯಿಗಳ ಮೈಗೆ ಕತ್ತರಿಸಿದ್ದರು. ಸಲೂಕಿಯ ಎದೆ ಆಳ, ಹೊಟ್ಟೆ ಇಲ್ಲವೇ ಇಲ್ಲ. ಬೊಳ್ಳುವಿಗೆ ಹೊಟ್ಟೆ ಇತ್ತು. ಕಂಬಳಿಗೆ ತೊಡಿಸಿದಾಗ ಎದೆಯ ಬಳಿ ಬಾಯಿ ತೆರೆದು ನಿಂತಿತು.

"ಕೋರೆ ಒಳಗೆ ಹೋಗ್ಲಿಕ್ಕೆ ದಾರಿ ಮಾಡಿಕೊಟ್ಟ ಹಾಗೆ ಆಯ್ತು," ಎಂದು ಮೊಯ್ದೀನನೇ ಒಪ್ಪಿದ.

ಮೂರನೆಯದು ಕಿತ್ತಳೆ ಬಣ್ಣದ್ದು. ಕುತ್ತಿಗೆಯ ಬುಡದಿಂದ ಹೊಟ್ಟೆಯವರೆಗೆ ಮುಚ್ಚುತ್ತಿತ್ತು. ಕಂಕುಳಿನ ಬಳಿ ಕಾಲು ಆಡಲು ಕತ್ತರಿಸಿದ್ದರು. ಬೆನ್ನಿನ ಕಡೆ ಗಾಳಿಗೆ ಬಲೆ ಇತ್ತು. ಎರಡೂ ಬದಿಯ ಪಟ್ಟಿಗಳು ಐವತ್ತೈದರಿಂದ ಎಪ್ಪತ್ತರವರೆಗೆ ಹೊಂದುತ್ತಿದ್ದವು. ಒಂದೂವರೆ ಸೆಂಟಿಮೀಟರಿನ ಅಳುಕು ಅಲ್ಲಿಗೆ ಕಳೆಯಿತು. ಪಟ್ಟಿ ಬಿಗಿದು ಚನಿಯ ಎರಡು ಬೆರಳು ತೂರಿಸಿ ನೋಡಿದ. ಸರಾಗವಾಗಿ ಹೋದವು, ಮೂರನೆಯದು ಹೋಗಲಿಲ್ಲ. ತೂಕ ಒಂದು ಕೆಜಿ ನಾಲ್ಕುನೂರು ಗ್ರಾಂ.

"ಗಟ್ಟಿ ಉಂಟಾ ಅಂತ ನೋಡ್ಬೇಡ್ವಾ?" ಎಂದು ಸುಜಿತ್ ಗುಡಾರದ ಕಬ್ಬಿಣದ ಗೂಟವೊಂದನ್ನು ಎತ್ತಿಕೊಂಡ. "ನಾನು ಹಂದಿ. ನೀವು ನಾಯಿಯನ್ನು ಹಿಡೀರಿ."

"ನನ್ನ ಅಂಗಡಿಯಲ್ಲಿ ಹಂದಿ ಬೇಡ," ಎಂದ ಮೊಯ್ದೀನ್.

"ಹಾಗಾದ್ರೆ ನಾನು ಕೋಣ ಕಾಕ. ಕೋಡು ಅಂತ ತಿಳ್ಕೊಳ್ಳಿ."

ಮೊಯ್ದೀನ್ ಸ್ವಲ್ಪ ಯೋಚಿಸಿ ಕೋಣಕ್ಕೆ ಸಮ್ಮತಿಸಿದ. ಬಾಗಿಲಲ್ಲಿ ಆಗಲೇ ಎಂಟು ಜನ ಸೇರಿದ್ದರು. ಗೂಟವನ್ನು ಕೆಳಗಿನಿಂದ ಮೇಲಕ್ಕೆ ತಿವಿಯಬೇಕು ಎಂದು ಒಬ್ಬ, ಓಡಿ ಬಂದು ತಿವಿಯಬೇಕು ಎಂದು ಇನ್ನೊಬ್ಬ. ಸುಜಿತ್ ಬಾಗಿಲವರೆಗೆ ಹಿಂದೆ ಸರಿದು, ತಲೆ ತಗ್ಗಿಸಿ, ಕ್ರೇನು ಕಂಡವನಂತೆ ಒಮ್ಮೆ ಕೈಬೀಸಿ ನುಗ್ಗಿದ.

ಚನಿಯ ಕಂಬಳಿಯನ್ನು ಮಂಡಿಗೆ ಒತ್ತಿ ಹಿಡಿದಿದ್ದ. ಅದು ಕಂಬಳಿಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕಾಲುಗಳು ನೀರಿನ ಬಾಟಲಿಗಳೆಂದೂ ಗೊತ್ತಿತ್ತು. ಆದರೂ ಗೂಟದ ಮೊನೆ ಒಂದು ಮೊಳ ದೂರಕ್ಕೆ ಬಂದಾಗ ಅವನ ಎಡಗೈ ತಾನಾಗಿ ಹೋಗಿ ಅದರ ಎದೆಗೆ ಅಡ್ಡವಾಯಿತು.

ಕವಚದ ಮೇಲೆ ಗೀರೂ ಮೂಡಲಿಲ್ಲ. ಪರೀಕ್ಷೆಯ ಆ ಭಾಗ ಪೂರ್ಣ ಯಶಸ್ವಿಯಾಯಿತು. ಕವಚದ ಹೊರಗಿದ್ದ ಅಂಗೈಗೆ ಮಾತ್ರ ರಕ್ಷಣೆ ಇರಲಿಲ್ಲ.

"ಎಂತ ಚನಿಯಣ್ಣ, ಕೈ ಯಾಕೆ ಇಟ್ಟದ್ದು?" ಸುಜಿತನ ಮುಖ ಬಿಳಿಚಿತ್ತು.

"ಗೊತ್ತಿಲ್ಲ ಮಾರಾಯ."

ಮೊಯ್ದೀನ್ ತನ್ನ ಬಿಳಿ ಟವೆಲನ್ನು ಹರಿದು ಗಾಯಕ್ಕೆ ಕಟ್ಟಿದ. ಕಿತ್ತಳೆ ಕವಚವನ್ನು ತಾನೇ ಮಡಿಸಿ ಚೀಲಕ್ಕೆ ಹಾಕಿದ.

"ನಾಯಿ ಯಾರದ್ದು?"

"ಸೊಸೆಯದ್ದು, ಕಾಕ. ಅಕ್ಕನ ಮಗಳು."

"ಹ್ಞಾಂ," ಎಂದ ಮುದುಕ. "ಯಲ್ಲಾ, ಬೇಗ ಹೋಗಿ. ಗಂಟೆ ಒಂಬತ್ತೂವರೆ."

ಹತ್ತಕ್ಕೆ ಮೂರು ನಿಮಿಷ ಇರುವಾಗ ಟ್ಯಾಕ್ಸಿ ವಿಮಾನ ನಿಲ್ದಾಣ ಮುಟ್ಟಿತು. ಥಾಮಸ್ ಬಾಗಿಲಲ್ಲೇ ಇದ್ದ. ಕವಚ ಇಟ್ಟು ಕೈತಕ್ಕಡಿಯಲ್ಲಿ ಪೆಟ್ಟಿಗೆ ಎತ್ತಿದರೆ ಇನ್ನೂರು ಗ್ರಾಂ ಹೆಚ್ಚು. ಕೋಣೆಯಲ್ಲಿ ಜಾಗ ಅಳೆಯುವಾಗ ಅವನು ಹಗ್ಗದ ತೂಕ ಬಿಟ್ಟಿದ್ದ. ಚನಿಯನ ಕೈಯ ಕಟ್ಟನ್ನು ಒಮ್ಮೆ ನೋಡಿ, ಪೆಟ್ಟಿಗೆಯಿಂದ ಎರಡು ಸಾಬೂನು ತೆಗೆದು ಅವನ ಜೇಬಿಗೆ ತುರುಕಿದ.

"ಹೆಂಡತಿಗೆ ಆರು ಸಾಬೂನು ಹೇಳಿದ್ದೆ. ನಾಲ್ಕೇ ಯಾಕೆ ಅಂತ ಕೇಳಿದ್ರೆ ನಾಯಿ ತಿಂದಿತು ಹೇಳ್ತೇನೆ."

ಸಂಜೆ ಆರು ಗಂಟೆಗೆ, ಊರಿನ ಏಳೂವರೆಗೆ, ಚನಿಯನ ಫೋನಿನ ಪರದೆ ಬೆಳಗಿತು. ಸುಜಿತ್ ಹೆಗಲ ಮೇಲಿನಿಂದ ಬಾಗಿದ.

ಅಕ್ಕನ ಮನೆಯ ಜಗಲಿ. ನಡುವೆ ಚಾಪೆ, ಚಾಪೆಯ ಮೇಲೆ ಬೊಳ್ಳು, ಮೈಮೇಲೆ ಕಿತ್ತಳೆ ಕವಚ. ಪಟ್ಟಿಗಳ ಎರಡು ಬದಿಯೂ ಸಮನಾಗಿದ್ದವು. ಯಶ್ಮಿತಾ ಎರಡು ಬೆರಳು ತೂರಿಸಿ ತೋರಿಸಿದಳು. ಬೊಳ್ಳು ಮದುವೆಯ ಮಂಟಪದಲ್ಲಿ ಕುಳಿತ ವರನಂತೆ ಯಾರ ಮುಖವನ್ನೂ ನೋಡದೆ ನೇರ ಕುಳಿತಿತ್ತು. ಹನ್ನೆರಡು ವರ್ಷದ ವೃತ್ತಿಯಲ್ಲಿ ಇಷ್ಟು ಸರಿಯಾಗಿ ಚನಿಯ ಯಾರಿಗೂ ಏನನ್ನೂ ತೊಡಿಸಿರಲಿಲ್ಲ.

"ಸರಿ ಆಯ್ತಾ ಮಗಾ?"

"ಹೌದು ಮಾಮ, ಸರೀ ಆಯ್ತು. ಆಚೆ ಮನೆಯವರೆಲ್ಲ ಬಂದು ನೋಡಿಹೋದ್ರು."

ಆಗ ಚನಿಯನಿಗೆ ಗಡಿಯಾರದ ನೆನಪಾಯಿತು. "ಏಳೂವರೆ ಆಯ್ತಲ್ಲ. ಬೊಳ್ಳು ಗದ್ದೆಗೆ ಹೋಗ್ಲಿಲ್ವಾ?"

ಲೋಲಾಕ್ಷಿಯ ಮುಖ ಪರದೆಗೆ ಬಂತು. "ಹೇಗೆ ಕಳಿಸುದು ಚನಿಯ? ಅಷ್ಟು ಒಳ್ಳೆ ಸಾಮಾನು. ಹಾಕಿ ಕಳಿಸಿದ್ರೆ ಹಂದಿ ಹರಿದು ಹಾಕ್ತದೆ. ಹಾಕದೆ ಕಳಿಸಿದ್ರೆ ನಿನಗೆ ಬೇಜಾರು. ಹಾಗಾಗಿ ಕಳಿಸ್ಲೇ ಇಲ್ಲ, ಕಟ್ಟಿದ್ದೇವೆ. ಈಗ ತೆಗೆದು ಕಪಾಟಿನಲ್ಲಿ ಇಡ್ತೇನೆ. ನಾಡಿದ್ದು ನೆಂಟರು ಬರುವಾಗ ಹಾಕುವಾ."

ಚನಿಯ ಆ ಲೆಕ್ಕವನ್ನು ಮೇಲಿನಿಂದ ಕೆಳಗೆ ನೋಡಿದ. ಎಲ್ಲಿಯೂ ತಪ್ಪು ಸಿಗಲಿಲ್ಲ.

"ಮತ್ತೆ ಗೆಣಸಿಗೆ ಯಾರು?"

"ನಿನ್ನ ಭಾವ ಹೋದ್ರು, ದೊಣ್ಣೆ ಹಿಡ್ಕೊಂಡು."

ಫೋನು ಮತ್ತೆ ಯಶ್ಮಿತಾಳ ಕೈಗೆ ಬಂತು. ಅವಳು ನಾಯಿಯ ಕುತ್ತಿಗೆಗೆ ತೋಳು ಹಾಕಿ ಅಂಗಳದ ಕಡೆ ನೋಡುತ್ತಿದ್ದಳು.

"ನೀನು ಊಟ ಮಾಡಿದ್ಯಾ ಮಗಾ?"

"ಇಲ್ಲ ಮಾಮ. ಅಪ್ಪ ಬರ್ಲಿ."

ಚನಿಯ ಮೆಲ್ಲಗೆ ಕೇಳಿದ, "ಭಾವ ಎದೆಗೆ ಎಂತ ಹಾಕ್ಕೊಂಡು ಹೋಗಿದ್ದಾರೆ?"

"ಬನಿಯನ್," ಎಂದಳು ಯಶ್ಮಿತಾ. ಮತ್ತೆ ಅವನಿಗೆ ಧೈರ್ಯ ಬರಲೆಂದು ಸೇರಿಸಿದಳು, "ಹೆದರ್ಬೇಡಿ ಮಾಮ, ಊರಿನ ಬನಿಯನ್. ನೀವು ಕಳಿಸಿದ್ದೆಲ್ಲ ಕಪಾಟಿನಲ್ಲಿ ಉಂಟು."