ಬನ್ನಪ್ಪ ಗ್ರೂಪ್ ಬಿಟ್ಟ

ಬನ್ನಪ್ಪನ ರಾಜಕೀಯ ಪ್ರವೇಶ ಆದದ್ದು ಹೆಬ್ಬೆರಳಿನಿಂದ, ಅದೂ ಅರೆನಿದ್ದೆಯಲ್ಲಿ.

ಅವನದು ಬೇಕರಿಯಲ್ಲಿ ರಾತ್ರಿ ಪಾಳಿ. ಊರು ಮಲಗಿದಾಗ ಒಲೆ ಮುಂದೆ ನಿಂತು, ಊರು ಏಳುವಾಗ ಬಂದು ಮಲಗುವ ಬದುಕು. ಹೋದ ವಾರ ಒಲೆ ಮುಂದೆಯೇ ತೂಕಡಿಸಿ ಒಂದಿಡೀ ಟ್ರೇ ಬನ್ನನ್ನು ಇದ್ದಿಲು ಮಾಡಿದ್ದ. "ಇನ್ನೊಂದ್ಸಲ ತೂಕಡಿಸಿದ್ರೆ ಮನೇಲೇ ಮಲಗಿಬಿಡು, ಬರೋದೇ ಬೇಡ" ಎಂದಿದ್ದರು ಯಜಮಾನರು. ಸುದ್ದಿ ಕಟ್ಟಡದವರಿಗೆಲ್ಲ ತಿಳಿದು ಅವನಿಗೆ ಈ ಹೆಸರು ಬಿತ್ತು. ಹೆಸರೇನೋ ಸರಿ, ಹಗಲಿನ ನಿದ್ದೆ ಮಾತ್ರ ಅವನಿಗೆ ಅನ್ನದ ಪ್ರಶ್ನೆಯಾಗಿ ಹೋಯಿತು.

ಕಟ್ಟಡದ ನಿವಾಸಿಗಳ ಸಂಘಕ್ಕೊಂದು ವಾಟ್ಸಾಪ್ ಗ್ರೂಪ್ ಇತ್ತು. ಸಂಘದ ಅಧ್ಯಕ್ಷರು ರಿಟೈರಾದ ಮೇಷ್ಟ್ರು. ಪಾಠ ಕೇಳುವ ಮಕ್ಕಳು ಕೈತಪ್ಪಿದ್ದರಿಂದ ಬೆಳಕು ಹರಿಯುತ್ತಲೇ ಗ್ರೂಪಿಗೊಂದು ಶುಭೋದಯ ಹಾಕುತ್ತಿದ್ದರು. ಅದಕ್ಕೆ ಎಲ್ಲ ಮನೆಗಳಿಂದ ಶುಭೋದಯ. ಆಮೇಲೆ 'ಇಂದಿನ ಯುವಕರಿಗೆ ರಾಜಕೀಯ ಪ್ರಜ್ಞೆ ಇಲ್ಲ' ಎಂದು ಮಾರುದ್ದದ ಬರಹ. ಅದಕ್ಕೆ ಎಲ್ಲ ಮನೆಗಳಿಂದ ಕೈಮುಗಿತ. ಯುವಕರೂ ಆ ಗ್ರೂಪಿನಲ್ಲಿದ್ದರು, ಲೊಚಗುಟ್ಟದ ಹಲ್ಲಿಗಳ ಹಾಗೆ.

ಅಂದು ಸಂಜೆ ಸಂಘದ ಚುನಾವಣೆ ಬೇರೆ. ಗ್ರೂಪು ಬೆಳಿಗ್ಗೆಯಿಂದಲೇ ಬಡಬಡಿಸುತ್ತಿತ್ತು. ಯಜಮಾನರು ಯಾವಾಗ ಬೇಕಾದರೂ ಫೋನ್ ಮಾಡಬಹುದಾದ್ದರಿಂದ ಫೋನ್ ಆರಿಸುವ ಹಾಗಿಲ್ಲ. ಬನ್ನಪ್ಪ ಕಣ್ಣು ಮುಚ್ಚಿಕೊಂಡೇ ಗ್ರೂಪಿನ ಸದ್ದು ಅಡಗಿಸಲು ಹೋಗಿ 'ಎಕ್ಸಿಟ್' ಒತ್ತಿದ. ಖಂಡಿತ ಬಿಡ್ತೀಯಾ ಎಂದು ಫೋನು ಮತ್ತೊಮ್ಮೆ ಕೇಳಿತು. ಅದಕ್ಕೂ ಹೂಂ ಎಂದು ಒತ್ತಿ ಮಗ್ಗಲು ಬದಲಾಯಿಸಿದ.

ಆ ಗ್ರೂಪನ್ನು ಅದುವರೆಗೆ ಯಾರೂ ಬಿಟ್ಟಿರಲಿಲ್ಲ. ಸತ್ತವರೂ ಬಿಟ್ಟಿರಲಿಲ್ಲ, ಅವರ ಹುಟ್ಟುಹಬ್ಬಕ್ಕೆ ಈಗಲೂ ಶುಭಾಶಯ ಬರುತ್ತಿತ್ತು.

ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ಮೇಷ್ಟ್ರು.

"ಏನಪ್ಪಾ ಇದು, ಪ್ರತಿಭಟನೆಯಾ?"

"ಇಲ್ಲ ಸಾರ್, ನಿದ್ದೆ."

"ನನ್ನ ಹತ್ರ ಬೇಡ. ಇದು ಆ ಮೆಡಿಕಲ್ ಶಾಪಿನವನ ಚಿತಾವಣೆ ತಾನೆ?"

"ಅಯ್ಯೋ, ಕೈತಪ್ಪಿ ಆಗಿದ್ದು ಸಾರ್. ವಾಪಸ್ ಸೇರಿಸ್ಬಿಡಿ."

"ಬೆಳಿಗ್ಗೆ ಬಿಡೋದು, ಆಮೇಲೆ ಸೇರೋದು, ಇದೇನು ಛತ್ರವಾ? ಸಂಜೆ ಸಭೆಗೆ ಬಂದು ಎಲ್ಲರ ಮುಂದೆ ಕಾರಣ ಹೇಳು."

ಅವರು ಹೋಗಿ ಇವನು ದಿಂಬಿಗೆ ತಲೆ ಕೊಟ್ಟನೋ ಇಲ್ಲವೋ, ಮತ್ತೆ ಗಂಟೆ. ಈ ಸಲ ಮೇಷ್ಟ್ರ ಎದುರಾಳಿ, ಮೆಡಿಕಲ್ ಶಾಪಿನವರು. ಬಂದವರೇ ತಬ್ಬಿಕೊಂಡರು.

"ಭೇಷ್! ಕಪಾಳಕ್ಕೆ ಬಾರಿಸಿದ ಹಾಗೆ ಮಾಡಿದೆ. ಯುವಶಕ್ತಿ ಎದ್ದಿದೆ!"

"ಎದ್ದಿಲ್ಲ ಅಂಕಲ್, ಮಲಗ್ತಾ ಇದೀನಿ."

"ಎಷ್ಟು ವಿನಯ ನೋಡಿ!" ಎಂದು ಅವನ ತಾಯಿಗೆ ಹೇಳಿ, ಒಂದು ಶೀಟು ಶಕ್ತಿಮಾತ್ರೆ ಕೈಗಿಟ್ಟು ಹೋದರು.

"ಹಾದೀಲಿ ಹೋಗೋ ಮಾರೀನ ಮನೆಗೆ ಕರೆದಿದ್ದೀಯಲ್ಲೋ!" ಎಂದು ತಾಯಿ ಹಣೆ ಚಚ್ಚಿಕೊಂಡರು. "ನೀರಿನ ವಾಲ್ವು ಮೇಷ್ಟ್ರ ಕೈಲಿದೆ. ನಾಳೆ ನಲ್ಲೀಲಿ ಗಾಳಿ ಬಂದ್ರೆ ಏನು ಕುಡೀತೀಯ, ಮಾತ್ರೆ ನುಂಗಕ್ಕಾದ್ರೂ ನೀರು ಬೇಡ್ವಾ?"

ಮಧ್ಯಾಹ್ನ ಬಾಗಿಲು ಬಡಿದವಳು ಮೇಲಿನ ಮಹಡಿಯ ಲಾ ಓದುವ ಹುಡುಗಿ. ಅವಳ ಹಿಂದೆ ಕಟ್ಟಡದ ಹುಡುಗ ಹುಡುಗಿಯರೆಲ್ಲ ಮೆಟ್ಟಿಲ ಮೇಲೆ ನಿಂತಿದ್ದರು.

"ಅಣ್ಣಾ, ಬಿಡಬಹುದು ಅಂತಾನೇ ನಮಗೆ ಹೊಳೆದಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟಿದೋರು ನೀವು. ಈಗ ನಾವೆಲ್ಲ ಬಿಟ್ವಿ. ಮುಂದೇನು?"

"ಮುಂದೇನಿಲ್ಲ, ಮಲಗೋದು."

"ಅಂದ್ರೆ ಅಸಹಕಾರ! ಸೂಪರ್ ಅಣ್ಣಾ!"

ಮೆಟ್ಟಿಲ ಮೇಲೆ ಚಪ್ಪಾಳೆ ಬಿತ್ತು. ಆ ಚಪ್ಪಾಳೆಗೆ ಕೆಳಮನೆಯ ಮಗು ಎದ್ದು ಅಳತೊಡಗಿತು, ಸಂಜೆಯವರೆಗೂ ಅತ್ತಿತು.

ಸಭೆ ಸೇರಿದ್ದು ಕೆಳಗೆ, ಸ್ಕೂಟರುಗಳನ್ನು ಗೋಡೆಗೆ ಒತ್ತರಿಸಿದ ಜಾಗದಲ್ಲಿ. ಎಂದೂ ಬಾರದ ಯುವಕರು ಹಿಂಡಾಗಿ ಬಂದು ನಿಂತದ್ದನ್ನು ಕಂಡು ಅಭ್ಯರ್ಥಿಗಳಿಬ್ಬರೂ ಪೈಪೋಟಿಗಿಳಿದರು. ಮೇಷ್ಟ್ರು ಯುವಕರಿಗೆ ವ್ಯಾಯಾಮಶಾಲೆ ಎಂದರು. ಮೆಡಿಕಲ್ ಶಾಪಿನವರು ವ್ಯಾಯಾಮಶಾಲೆಗೆ ಏಸಿಯನ್ನೂ ಹಾಕಿಸಿಬಿಟ್ಟರು. ಆಮೇಲೆ ಎಲ್ಲರೂ ಬನ್ನಪ್ಪನ ಕಡೆ ತಿರುಗಿದರು.

ಅವನು ಗೋಡೆ ಹಿಡಿದುಕೊಂಡು ಎದ್ದ. "ಕಣ್ಣು ನೋಡಿ, ಎಷ್ಟು ರೋಷ!" ಎಂದು ಯಾರೋ ಪಿಸುಗುಟ್ಟಿದರು.

"ನನಗೆ ಯಾರ ಮೇಲೂ ಸಿಟ್ಟಿಲ್ಲ. ವ್ಯಾಯಾಮಶಾಲೆ ಬೇಡ. ಒಂದೇ ಒಂದು ಕೇಳ್ತೀನಿ. ಮಧ್ಯಾಹ್ನದವರೆಗೆ ಗ್ರೂಪಿಗೆ ಯಾರೂ ಏನೂ ಹಾಕಬೇಡಿ. ನಾನು ರಾತ್ರಿ ದುಡಿಯೋನು. ನಿದ್ದೆ ಇಲ್ದೆ ಇನ್ನೊಂದ್ಸಲ ತೂಕಡಿಸಿದ್ರೆ ಕೆಲಸ ಹೋಗತ್ತೆ."

ಆ ಸಂಘದಲ್ಲಿ ಒಬ್ಬ ಮನುಷ್ಯ ತನಗೆ ಬೇಕಾದ್ದನ್ನು ನೆಟ್ಟಗೆ ಕೇಳಿದ್ದು ಅದೇ ಮೊದಲು. ಯುವಕರು ಶಿಳ್ಳೆ ಹೊಡೆದರು. ಮೆಡಿಕಲ್ ಶಾಪಿನವರು ಒಂದು ಕೈ ಎತ್ತಿದರು, ಅದನ್ನು ಕಂಡು ಮೇಷ್ಟ್ರು ಎರಡೂ ಎತ್ತಿದರು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಮೇಷ್ಟ್ರು ಬನ್ನಪ್ಪನನ್ನು ಅಲ್ಲೇ, ಎಲ್ಲರೆದುರು, ಮತ್ತೆ ಗ್ರೂಪಿಗೆ ಸೇರಿಸಿಕೊಂಡರು. ಯುವಕರ ಮತವೆಲ್ಲ ಆ ಎರಡು ಕೈಗಳಿಗೆ ಬಿದ್ದು ಅವರೇ ಗೆದ್ದರು.

"ಕೇಳಿದ್ರೆ ಸಿಗತ್ತಾ ಅಣ್ಣಾ? ಇಷ್ಟೇನಾ ರಾಜಕೀಯ?" ಎಂದಳು ಲಾ ಹುಡುಗಿ.

"ಇಷ್ಟೇ ಅನ್ಸತ್ತಮ್ಮ" ಎಂದ ಬನ್ನಪ್ಪ. ಹೇಳುವಾಗ ಅವನ ಎದೆ ಉಬ್ಬಿದ್ದು ಸುಳ್ಳಲ್ಲ. ಆ ರಾತ್ರಿ ಒಲೆ ಮುಂದೆ ತೊಡೆ ಚಿವುಟಿಕೊಳ್ಳುತ್ತಾ, ಮುಖಕ್ಕೆ ನೀರೆರಚಿಕೊಳ್ಳುತ್ತಾ, ಆ ಹೆಮ್ಮೆಯ ಮೇಲೆಯೇ ನಿಂತು ಪಾಳಿ ಮುಗಿಸಿದ. ಒಂದು ಬನ್ನೂ ಕರಿಯಾಗಲಿಲ್ಲ. ಆದರೆ ಇನ್ನೊಂದು ರಾತ್ರಿ ಹೀಗೆ ಸಾಧ್ಯವಿಲ್ಲ ಎಂದು ಅವನ ಕಾಲುಗಳೇ ಹೇಳುತ್ತಿದ್ದವು.

ಬೆಳಿಗ್ಗೆ ಮನೆಗೆ ಬಂದು ಫೋನು ನೋಡಿದ. ಗ್ರೂಪು ತಣ್ಣಗಿತ್ತು. ಒಂದು ಶುಭೋದಯವೂ ಇಲ್ಲ. ಪ್ರಜಾಪ್ರಭುತ್ವಕ್ಕೆ ಮನಸ್ಸಿನಲ್ಲೇ ಕೈಮುಗಿದು ಹೊದಿಕೆ ಎಳೆದುಕೊಂಡ. ರೆಪ್ಪೆ ಅಂಟುವಷ್ಟರಲ್ಲಿ ಕರೆಗಂಟೆ ಬಾರಿಸಿತು.

ಮೇಷ್ಟ್ರು ಸ್ನಾನ ಮಾಡಿ, ತಲೆ ಬಾಚಿ, ನಗುತ್ತಾ ನಿಂತಿದ್ದರು.

"ಗ್ರೂಪಿಗೆ ಹಾಕೋ ಹಾಗಿಲ್ಲವಲ್ಲಪ್ಪ, ನಿರ್ಣಯ ಅಂದ್ರೆ ನಿರ್ಣಯ. ಅದಕ್ಕೇ ಎಲ್ಲರೂ ಮನೆಮನೆಗೂ ಖುದ್ದಾಗಿ ಹೋಗಿ ಹೇಳೋಣ ಅಂತ ತೀರ್ಮಾನ ಮಾಡಿದ್ವಿ. ನಿರ್ಣಯ ತಂದೋನು ನೀನು, ಮೊದಲ ಮರ್ಯಾದೆ ನಿನಗೇ. ಶುಭೋದಯ!"

ಅವರ ಹಿಂದೆ ಮೆಟ್ಟಿಲುದ್ದಕ್ಕೂ, ಕೆಳಗಿನ ಗೇಟಿನವರೆಗೆ, ಜನ ಸಾಲು ನಿಂತಿದ್ದರು. ಎರಡನೆಯವರಾಗಿದ್ದ ಮೆಡಿಕಲ್ ಶಾಪಿನವರು ಕತ್ತು ಉದ್ದ ಮಾಡಿದರು.

"ಬೇಗ ಮುಗಿಸಿ ಮೇಷ್ಟ್ರೇ, ಯುವಕರ ಬಗ್ಗೆ ನೀವು ಹೇಳೋದು ಬೇರೆ ಇನ್ನೂ ಬಾಕಿ ಇದೆ."