ಭೀಮರಾಜ್ ಮಾಡಿಸಿದ ಆಮೆ ಹೆರಿಗೆ

ಭೀಮರಾಜ್ ಮುನಿಲಕ್ಷ್ಮಿಯನ್ನು ಮೊದಲು ಕಂಡದ್ದು ಆವನಿಯಲ್ಲಿದ್ದ ಅವಳ ತವರಿನಲ್ಲಿ, ಹೆಣ್ಣು ನೋಡುವ ಶಾಸ್ತ್ರದ ದಿನ. ಗಿಣಿಹಸಿರು ಸೀರೆಯುಟ್ಟ ಅವಳು ಖಾರಾಬೂಂದಿ ತಟ್ಟೆಯನ್ನು ಅವನ ಮುಂದಿಟ್ಟು ಗೋಡೆಗೊರಗಿ ನಿಂತಳು. ಅವಳ ತಲೆಯ ಪಕ್ಕದಲ್ಲೇ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಚಿತ್ರವೊಂದಿತ್ತು: ಮರಳಿನಲ್ಲಿ ಮೊಟ್ಟೆಯಿಡುತ್ತಿರುವ ಕಡಲಾಮೆ. "ಏನಾದ್ರೂ ಕೇಳೋದಿದ್ರೆ ಕೇಳಮ್ಮ" ಎಂದು ಹಿರಿಯರು ಹೇಳಿದಾಗ, ಬಿ.ಎಸ್ಸಿ. ಓದಿದ್ದ ಹುಡುಗಿ ಸಂಬಳ ಕೇಳಲಿಲ್ಲ, ಜಮೀನು ಕೇಳಲಿಲ್ಲ.

"ಇದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು. ಕರ್ಕೊಂಡ್ ಹೋಗ್ತೀರಾ?"

"ಒಂದಲ್ಲ, ಹತ್ತು ತೋರಿಸ್ತೀನಿ!" ಭೀಮರಾಜ್ ಎದೆಯುಬ್ಬಿಸಿದ. "ನಮ್ಮ ವಕ್ಕಲೇರಿಲಿ ಯಾರ ಮನೆ ಹಸು ಕರು ಹಾಕ್ಬೇಕಾದ್ರೂ ನನ್ನನ್ನೇ ಕರೆಯೋದು. ಆಮೆ ಯಾವ ಲೆಕ್ಕ!"

ಮದುವೆಯಾಯಿತು. ಹನ್ನೊಂದು ವರ್ಷವೂ ಆಯಿತು. ಪ್ರತಿ ಚಳಿಗಾಲಕ್ಕೂ ಊರಿನ ಯಾವುದೋ ಸೀಮೆಹಸು ತುಂಬುಗಬ್ಬವಾಗಿರುತ್ತಿತ್ತು, ಆಮೆ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಈ ಫೆಬ್ರವರಿಯಲ್ಲಿ ಮುನಿಲಕ್ಷ್ಮಿ ತಾನೇ ಹೊನ್ನಾವರಕ್ಕೆ ಬಸ್ಸಿನ ಟಿಕೆಟ್ ಮಾಡಿಸಿದಳು. "ಬಂದ್ರೆ ಬನ್ನಿ. ಇಲ್ದಿದ್ರೆ ಹಸು ಜೊತೆ ಇರಿ."

ಭೀಮರಾಜ್ ಹೊರಟ.

ಕಡಲತೀರದಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಮೊದಲೇ ಕಟ್ಟಪ್ಪಣೆ ಮಾಡಿದ: "ಬೆಳಕು ಬೇಡ, ಮಾತು ಬೇಡ, ಹತ್ತಿರ ಹೋಗುದು ಬೇಡ." ಭೀಮರಾಜ್ ಮಹಾ ಜವಾಬ್ದಾರಿಯಿಂದ ತಲೆಯಾಡಿಸಿದ.

ನಡುರಾತ್ರಿ ದಾಟಿದ ಮೇಲೆ ಅಲೆಯೊಳಗಿಂದ ಆಮೆ ಬಂತು. ತುಂಬಿದ ಗೋಣಿಚೀಲವನ್ನು ಎಳೆದಂತೆ ತನ್ನನ್ನು ತಾನೇ ಎಳೆದುಕೊಂಡು ಮೇಲೇರಿ, ಹಿಂಗಾಲಿನಿಂದ ಗುಂಡಿ ತೋಡತೊಡಗಿತು. ಮುನಿಲಕ್ಷ್ಮಿ ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ಆಮೆ ದೊಡ್ಡದೊಂದು ನಿಟ್ಟುಸಿರು ಬಿಟ್ಟಿತು. ಬೆಳದಿಂಗಳಲ್ಲಿ ಅದರ ಕಣ್ಣಿಂದ ನೀರು ಇಳಿಯುವುದು ಕಂಡಿತು. ಭೀಮರಾಜನೊಳಗಿನ ಸೂಲಗಿತ್ತಿ ದಡಕ್ಕನೆ ಎದ್ದು ಕುಳಿತಳು!

"ನೋವು ತಿಂತಿದೆ ಕಣೇ."

"ಸುಮ್ನಿರಿ."

"ಕಣ್ಣಲ್ಲಿ ನೀರು ಬರ್ತಿದೆ..."

"ಅದು ಮೈಯಲ್ಲಿರೋ ಉಪ್ಪು ಹೊರಗೆ ಹಾಕೋದು. ಸುಮ್ನಿರಿ ಅಂದ್ನಲ್ಲ!"

ಅವಳ ಮಾತು ಮುಗಿಯುವ ಹೊತ್ತಿಗೆ ಭೀಮರಾಜ್ ಪಂಚೆ ಎತ್ತಿಕಟ್ಟಿ, ಆಮೆಯ ಹಿಂದೆ ಮಂಡಿಯೂರಿ, ಎರಡೂ ಕೈಯಲ್ಲಿ ಮರಳು ಬಾಚುತ್ತಿದ್ದ! "ಹೋ... ಹೋ... ಆಯ್ತು ತಾಯಿ, ಇನ್ನೊಂಚೂರು" ಎಂದು ಹಸುವಿಗೆ ಹೇಳುವ ಧಾಟಿಯಲ್ಲೇ ಸಮಾಧಾನ ಬೇರೆ. ಗುಂಡಿಯ ಆಳ ಕಾಣಲೆಂದು ಮೊಬೈಲಿನ ಟಾರ್ಚ್ ಹಾಕಿ ಹಲ್ಲಿನಲ್ಲಿ ಕಚ್ಚಿಕೊಂಡ.

ಆಮೆ ನಿಂತಿತು. ತಿರುಗಿತು. ಬಂದ ದಾರಿಯಲ್ಲೇ ಕಡಲಿಗೆ ನಡೆದುಬಿಟ್ಟಿತು. ಒಂದೇ ಒಂದು ಮೊಟ್ಟೆಯಿಡಲಿಲ್ಲ.

"ಹೋಯ್! ಎಂತ ಮಾಡಿದ್ರಿ ಮಾರಾಯ್ರೆ!" ಗಾರ್ಡ್ ತಲೆಯ ಮೇಲೆ ಕೈಹೊತ್ತ.

ಮುನಿಲಕ್ಷ್ಮಿಗೆ ಸಿಟ್ಟು ನೆತ್ತಿಗೇರಿದರೆ ಗಂಡನಿಗೆ ಬಹುವಚನ ತಪ್ಪುತ್ತದೆ, ಬಾಯಿಗೆ ತೆಲುಗು ಬರುತ್ತದೆ. "ನೀಕು ಬುದ್ಧುಂದಾ? ಹನ್ನೊಂದು ವರ್ಷ ಕಾದಿದ್ದೀನಿ! ಕೋಟ್ಯಂತರ ವರ್ಷದಿಂದ ಅದು ತಾನೇ ಗುಂಡಿ ತೋಡ್ಕೊಂಡು ಮೊಟ್ಟೆ ಇಡ್ತಿದೆ. ಯಾವತ್ತಾದ್ರೂ ವಕ್ಕಲೇರಿಗೆ ಫೋನ್ ಮಾಡಿತ್ತಾ?"

ಭೀಮರಾಜ್ ಬಾಯಿಂದ ಮೊಬೈಲು ತೆಗೆದ. "ಪಾಪ ಅನ್ನಿಸ್ತು ಕಣೇ..."

"ಪಾಪಾನಾ? ನಾನು ನಿನ್ನ ಮಗಳನ್ನ ಹೆತ್ತಾಗ ಎಲ್ಲಿತ್ತು ಈ ಪಾಪ? ಆಸ್ಪತ್ರೆಗೆ ಮೂರನೇ ದಿನ ಬಂದೆ! ಯಾಕೆ? ಮುನಿಕೃಷ್ಣಪ್ಪನ ಹಸು ಕರು ಹಾಕ್ತಿತ್ತು!"

ಭೀಮರಾಜ್ ಬಾಯಿಂದ ಮೊಬೈಲು ತೆಗೆದ. ಅವಳು ಹೇಳಿದ್ದು ನಿಜವಾಗಿತ್ತು.

ಗಾರ್ಡ್‌ಗೇ ಕನಿಕರವಾಯಿತು. "ನಾಳೆ ಮತ್ತೆ ಬಂದ್ರೂ ಬರಬಹುದು ಅಕ್ಕ. ಇವರನ್ನ ಮಾತ್ರ ಕರ್ಕೊಂಡು ಬರಬೇಡಿ."

ಮರುರಾತ್ರಿ ಮುನಿಲಕ್ಷ್ಮಿ ಲಾಡ್ಜಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಕೊಂಡು ಒಬ್ಬಳೇ ಹೋದಳು. ಬೆಳಕು ಹರಿಯುವಾಗ ವಾಪಸ್ ಬಂದಳು. ಸೀರೆಯ ಅಂಚಿನಲ್ಲಿ ಮರಳಿತ್ತು, ಮುಖದಲ್ಲಿ ಆವನಿಯಲ್ಲಿ ಹೆಣ್ಣು ನೋಡಿದ ದಿನದ ಕಳೆಯಿತ್ತು.

"ಹೆಂಗಾಯ್ತು?" ಭೀಮರಾಜ್ ಮೆತ್ತಗೆ ಕೇಳಿದ.

"ನೂರಾ ಹನ್ನೆರಡು ಮೊಟ್ಟೆ. ಯಾರೂ ಸಹಾಯ ಮಾಡ್ಲಿಲ್ಲ. ಚೆನ್ನಾಗಾಯ್ತು."

ಈಗ ವಕ್ಕಲೇರಿಯಲ್ಲಿ ಹಸು ಕರು ಹಾಕುವಾಗ ಭೀಮರಾಜ್ ಕೊಟ್ಟಿಗೆಯ ಬಾಗಿಲಾಚೆ ಕೈಕಟ್ಟಿ ನಿಲ್ಲುತ್ತಾನೆ. ಒಳಗಿನಿಂದ ಕರೆದರೆ ಮಾತ್ರ ಹೋಗುತ್ತಾನೆ.