ನವಿಲುಕೋಸಿನ ದಾಕ್ಷಿಣ್ಯ

ಐದನೇ ಶನಿವಾರವೂ ಬುಟ್ಟಿಯಿಂದ ನವಿಲುಕೋಸೇ ಉರುಳಿ ಬಿದ್ದಾಗ ಮಂಜುಳಮ್ಮ ಒಂದು ಮಾತೂ ಆಡಲಿಲ್ಲ. ಹೆಂಡತಿ ಮಾತಾಡದಿರುವುದು ಎಂಥ ಅಪಾಯವೆಂದು ಮೂವತ್ತು ವರ್ಷ ಸಂಸಾರ ಮಾಡಿದ ಚಂದ್ರಮೌಳಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಪ್ಪು ಅವರದೇ. ಬೋಗಾದಿಯಾಚೆ ತೋಟ ಮಾಡುವ ಸಣ್ಣಮಾದಯ್ಯ ಲಕ್ಷ್ಮೀಪುರಂನಲ್ಲಿ ಚಂದಾದಾರರನ್ನು ಹುಡುಕಿಕೊಂಡು ಬಂದಾಗ ಮೊದಲು ಹೆಸರು ಬರೆಸಿದವರು ಇವರು. ವಾರಕ್ಕೊಂದು ಬುಟ್ಟಿ ಮನೆಬಾಗಿಲಿಗೆ. ತೋಟದಲ್ಲಿ ಬೆಳೆದದ್ದನ್ನು ಎಲ್ಲರೂ ಹಂಚಿಕೊಳ್ಳುವುದು. "ಇನ್ನುಮೇಲೆ ನಮ್ಮನೇಲಿ ವಿಷ ಇಲ್ಲ, ಬರೀ ಅಮೃತ!" ಎಂದು ಘೋಷಿಸಿದ್ದೂ ಇವರೇ. ಅಮೃತವು ಗುಂಡಗೆ, ತಿಳಿಹಸಿರು ಬಣ್ಣದಲ್ಲಿ ಬರುತ್ತದೆಂದು ಆಗ ಗೊತ್ತಿರಲಿಲ್ಲ. ಪಲ್ಯವಾಯಿತು, ಸಾರಾಯಿತು, ಕೋಸಂಬರಿಯಾಯಿತು, ಸೊಪ್ಪು ಬಸ್ಸಾರಾಯಿತು. (ಸಿಪ್ಪೆಯ ಚಟ್ನಿಯ ವಿಷಯ ಬೇಡ. ಸತ್ತವರನ್ನು ದೂಷಿಸಬಾರದು.)

"ರೀ, ಇದು ಖಾಲಿ ಆಗೋವರ್ಗೂ ಬೇರೆ ತರಕಾರಿ ಈ ಹೊಸಿಲು ದಾಟೋ ಹಾಗಿಲ್ಲ," ಎಂದು ಕೊನೆಗೆ ಮಂಜುಳಮ್ಮನ ತೀರ್ಪು ಹೊರಬಿತ್ತು.

"ಎಣ್ಣೆಗಾಯಿ ತಿಂದು ತಿಂಗಳ ಮೇಲಾಯ್ತು ಕಣೆ! ಎಳೇ ಬದನೆಕಾಯಿದು..." ಚಂದ್ರಮೌಳಿಯವರು ಬೆರಳಿನಲ್ಲೇ ಅದರ ಗಾತ್ರ ತೋರಿಸಿದರು.

"ಹಾಗಾದ್ರೆ ಸಣ್ಣಮಾದಯ್ಯಂಗೆ ಬಾಯಿಬಿಟ್ಟು ಹೇಳಿ, ನವಿಲುಕೋಸು ಸಾಕು ಅಂತ."

ಹೇಳುವುದೇ ತಾನೆ ಕಷ್ಟ! ಹೋಟೆಲಿನಲ್ಲಿ ದೋಸೆ ಕೇಳಿದರೆ ಉಪ್ಪಿಟ್ಟು ಬಂದರೂ ತಿಂದು ಥ್ಯಾಂಕ್ಸ್ ಹೇಳುವ ಜೀವ ಅದು. ಸಣ್ಣಮಾದಯ್ಯ ಬುಟ್ಟಿ ಇಳಿಸಿ, ಟವೆಲಿನಿಂದ ಬೆವರೊರೆಸಿಕೊಂಡು, "ಎಂಗಿತ್ತು ಸಾರ್ ನವಿಲ್ಕೋಸು?" ಎಂದು ಮುಖ ನೋಡುತ್ತಿದ್ದ. ಪಾಪ, ಬೆಳೆದವನ ಎದುರಿಗೇ ಬೇಡವೆನ್ನುವುದು ಹೇಗೆ? "ಬೆಣ್ಣೆ ಕಣಯ್ಯ, ಬೆಣ್ಣೆ!" ಎಂದುಬಿಡುತ್ತಿದ್ದರು.

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ ಗಾದೆ ಸುಮ್ನೆ ಮಾಡಿಲ್ಲ," ಎಂದು ಮಂಜುಳಮ್ಮ ವಾರವಿಡೀ ತಾಲೀಮು ಕೊಟ್ಟರು. ತಾವೇ ಹೆಗಲಿಗೆ ಟವೆಲು ಹಾಕಿಕೊಂಡು ಸಣ್ಣಮಾದಯ್ಯನಾದರು. ಶುಕ್ರವಾರದ ಹೊತ್ತಿಗೆ ಚಂದ್ರಮೌಳಿಯವರು ತೊದಲದೆ "ಬೇಡ" ಅನ್ನುವಷ್ಟು ಪ್ರವೀಣರಾಗಿದ್ದರು.

ಶನಿವಾರ ಬೆಳಿಗ್ಗೆ ರಣರಂಗ, ಅಂದರೆ ಗೇಟು. ಸಣ್ಣಮಾದಯ್ಯ ಎರಡು ಬುಟ್ಟಿ ಇಳಿಸಿದ. ಒಂದರ ತುಂಬ ಎಳೇ ಬದನೆಕಾಯಿ! ಚಂದ್ರಮೌಳಿಯವರಿಗೆ ಮಾತು ಅರ್ಧ ಮರೆತುಹೋಯಿತು.

"ಎಂಗಿತ್ತು ಸಾರ್?"

"ಅದು... ಸಣ್ಣಮಾದಯ್ಯ... ಈ ನವಿಲುಕೋಸು..."

"ಸಾಲ್ದೆ ಬಂತಾ? ನಂಗೊತ್ತು ಬುಡಿ! ಪಕ್ಕದ್ಮನೆ ಕೃಷ್ಣಸ್ವಾಮಿಯವ್ರು ಮೊದ್ಲ ವಾರಾನೇ ಮಕಕ್ಕೆ ಹೊಡ್ದಂಗೆ ಅಂದ್ಬುಟ್ರು, ನವಿಲ್ಕೋಸು ನಮ್ಗೆ ಬ್ಯಾಡ ಅಂತ. ಅದ್ಕೇ ಅವ್ರ ಪಾಲಿನ ನವಿಲ್ಕೋಸು ನಿಮ್ಗೆ, ನಿಮ್ ಪಾಲಿನ ಬದ್ನೇಕಾಯಿ ಅವ್ರಿಗೆ. ಮೆಚ್ಕೊಂಡು ತಿನ್ನೋರ್ಗೆ ತಾನೆ ಕೊಡ್ಬೇಕು? ನಿಮ್ ಹೆಸ್ರಲ್ಲಿ ಇನ್ನೂ ಎರಡು ಸಾಲು ನಾಟಿ ಮಾಡ್ಸಿವ್ನಿ ಸಾರ್!"

ಚಂದ್ರಮೌಳಿಯವರು ಬದನೆಕಾಯಿಯ ಬುಟ್ಟಿ ಪಕ್ಕದ ಮನೆಯ ಗೇಟು ದಾಟುವವರೆಗೂ ನೋಡಿದರು. ಆಮೇಲೆ, "ಬಹಳ ಸಂತೋಷ ಕಣಯ್ಯ," ಎಂದರು.

ಮಧ್ಯಾಹ್ನ ಕಾಂಪೌಂಡಿನಾಚೆಯಿಂದ ಎಣ್ಣೆಗಾಯಿಯ ಘಮ ಬಂತು. ಹಿಂದೆಯೇ ಕೃಷ್ಣಸ್ವಾಮಿಯವರ ಹೆಂಡತಿ ಪದ್ಮಾವತಿ ಒಂದು ಬಟ್ಟಲು ಹಿಡಿದು ಬಂದು, "ರುಚಿ ನೋಡಿ ಮಂಜುಳಮ್ಮ," ಎಂದು ಕೊಟ್ಟುಹೋದರು. ಒಳಗೆ ಎರಡೇ ಎರಡು ಬದನೆಕಾಯಿ. ಒಂದನ್ನು ಮಂಜುಳಮ್ಮ ಚಪ್ಪರಿಸಿಕೊಂಡು ತಿಂದರು. ಇನ್ನೊಂದನ್ನು ಸೌಟಿನಲ್ಲಿ ಎತ್ತಿ ಗಂಡನ ತಟ್ಟೆಯ ಮೇಲೆ ಹಿಡಿದರು.

"ಒಂದೇ ಒಂದ್ಸಲ ನಿಜ ಹೇಳ್ಬಿಡಿ, ಇದು ನಿಮ್ದು. ನಾನು ಮಾಡಿರೋ ನವಿಲುಕೋಸಿನ ಪಲ್ಯ ಹೇಗಿದೆ?"

ಚಂದ್ರಮೌಳಿಯವರು ಬದನೆಕಾಯಿ ನೋಡಿದರು. ಬಾಯಲ್ಲಿ ನೀರೂರಿತು. ಆಮೇಲೆ, ಬೆಳಗಿನಿಂದ ಒಲೆ ಮುಂದೆ ನಿಂತಿದ್ದ ಹೆಂಡತಿಯ ಬೆವತ ಮುಖ ನೋಡಿದರು. ಅಲ್ಲೇ ಕೆಟ್ಟಿತು.

"ಬೆಣ್ಣೆ ಕಣೆ," ಎಂದರು, "ಬೆಣ್ಣೆ!"

ಮಂಜುಳಮ್ಮ ನಿಟ್ಟುಸಿರುಬಿಟ್ಟು, ಬದನೆಕಾಯಿಯನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಗಂಡನಿಗೆ ಇನ್ನೆರಡು ಸೌಟು ಪಲ್ಯ ಬಡಿಸಿದರು.